ಪಂಕ್ತಿಯ ತುದಿ

ಎರಡನೇ ಮಹಡಿಯ ಹೀನಾಬೆನ್
ಘಾಟ್ಕೋಪರಿನಲ್ಲಿ ಆರು ವಾರ ಕಲಿತು ಬಂದ ಫೆಂಗ್ ಶುಯಿಯನ್ನು
ಮೊದಲು ಪ್ರಯೋಗಿಸಿದ್ದು ನಮ್ಮ ಮೇಲೆ.
ಫೀಸು ಬೇಡ, ನಿಮ್ಮ ನೀರುದೋಸೆ ಸಾಕು, ಎಂದಳು.

ಮೊಬೈಲಿನ ದಿಕ್ಸೂಚಿ ಹಿಡಿದು ಹಾಲಿನ ನಡುವೆ ನಿಂತರೆ
ಮುಳ್ಳು ಮತ್ತೆ ಮತ್ತೆ ರೈಲುಹಳಿಯ ಕಡೆಗೇ.
ಡೊಂಬಿವಲಿಯಲ್ಲಿ ಇನ್ನೆಲ್ಲಿಗೆ ವಾಲೀತು?

"ಮನೆಯೊಳಗೆ ಚೀ ಹರಿಯಬೇಕು," ಎಂದಳು ಹಿಂದಿಯಲ್ಲಿ.
ಬಟಾಣಿ ಸುಲಿಯುತ್ತಿದ್ದ ಅತ್ತೆ, ತಲೆ ಎತ್ತದೆ, ಕನ್ನಡದಲ್ಲಿ:
"ಛೀ ಅನ್ನುವುದು ಈ ಮನೆಯಲ್ಲಿ ಬೇಕಾದಷ್ಟು ಹರಿದಿದೆ,
ಇನ್ನೂ ಬೇಕಂತಾ?"
ನಾನು ಅನುವಾದಿಸಲಿಲ್ಲ.

ಹಾಗೆ ಬಂತು ದುಂಡು ಮೇಜು,
ಉಲ್ಹಾಸನಗರದಿಂದ, ಟೆಂಪೋದಲ್ಲಿ ಅಂಗಾತ ಮಲಗಿ.
ಮೂಲೆಯಿದ್ದರೆ ಮಾತು ಚುಚ್ಚುತ್ತದಂತೆ.
ಅತ್ತೆ ಅದಕ್ಕೊಂದು ಪ್ರದಕ್ಷಿಣೆ ಬಂದು ಕೇಳಿದರು:
"ಇದರಲ್ಲಿ ಪಂಕ್ತಿಯ ತುದಿ ಯಾವುದು?
ಬಡಿಸುವುದು ಎಲ್ಲಿಂದ ಶುರು ಮಾಡಲಿ?"
ಕೋರ್ಸಿನಲ್ಲಿ ಅದನ್ನು ಹೇಳಿಕೊಟ್ಟಿರಲಿಲ್ಲ.

ಕನ್ನಡಿ ಬಂತು, ಅನ್ನ ಇಮ್ಮಡಿಯಾಗಲೆಂದು.
ನಗುವ ಬುದ್ಧ ಬಂದ; ಹೊಟ್ಟೆ ನೋಡಿ
ಗಣಪತಿಯ ಕಡೆಯವನೇ ಇರಬೇಕೆಂದು
ಅತ್ತೆ ಅವನಿಗೂ ಕುಂಕುಮ ಇಟ್ಟರು.
ಕೆಂಪು ದಾರದಲ್ಲಿ ಮೂರು ನಾಣ್ಯ. ಬಟ್ಟಲಿನಲ್ಲಿ ಒಂಬತ್ತು ಕಿತ್ತಳೆ,
ನೋಡಲಿಕ್ಕೆ, ತಿನ್ನಲಿಕ್ಕಲ್ಲ.
ಕನ್ನಡಿ ಎಲ್ಲವನ್ನೂ ನಿಯತ್ತಾಗಿ ಎರಡು ಮಾಡಿತು:
ಹದಿನೆಂಟು ಕಿತ್ತಳೆ,
ಎಂಟು ಖಾಲಿ ಕುರ್ಚಿ.

ಯಾಕೆಂದರೆ ನಾವು ಉಣ್ಣುವುದೇ ಹೀಗೆ:
ಇವರು ಕಿಟಕಿಗೆ ಒರಗಿ, ಹೆಗಲಿಗೆ ಆಗಲೇ ಬ್ಯಾಗು ಏರಿಸಿ;
ಅತ್ತೆ ಟಿವಿಯೆದುರು, ಮಡಿಲಲ್ಲಿ ತಟ್ಟೆ;
ಕಳವಾ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬರುವ ಪ್ರಣೀತಾ
ಹಾಸಿಗೆಯ ಅಂಚಿನಲ್ಲಿ, ಅರ್ಧ ನಿದ್ದೆಯಲ್ಲಿ;
ನಾನು ಒಲೆಯ ಬಳಿ, ನಿಂತು,
ಹರಿದ ದೋಸೆ, ಕಾವಲಿಗೆ ಅಂಟಿದ ದೋಸೆ.

ಕೊನೆಗೆ ಗೋಡೆಯ ಗಡಿಯಾರ ಇಳಿಸಿದಳು ಹೀನಾಬೆನ್.
ಉಣ್ಣುವ ಜಾಗದಲ್ಲಿ ಗಡಿಯಾರವಿದ್ದರೆ ತುತ್ತಿಗೆ ಗಾಬರಿಯಂತೆ.
ಮೊಳೆ ಉಳಿಯಿತು. ಸುತ್ತ, ಮಾಸದ ಬಣ್ಣದ ಒಂದು ವೃತ್ತ.

ಮರುದಿನ ಬೆಳಿಗ್ಗೆ ಇವರು, ರೂಢಿಯಿಂದ, ಆ ವೃತ್ತವನ್ನೇ ನೋಡಿ
ಇನ್ನೂ ಹೊತ್ತಿದೆ ಎಂದುಕೊಂಡರು.
ಮೂರನೇ ದೋಸೆಗೆ ಕಾಯಿಬೆಲ್ಲ ಹಾಕಿಸಿಕೊಂಡರು.
ಎಂಟು ಹನ್ನೆರಡರ ಫಾಸ್ಟ್ ಕಿಟಕಿಯ ಕೆಳಗೇ ಹೋಯಿತು.
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ತಮ್ಮ ಗಾಡಿಯನ್ನು ಹೊರಗಿನಿಂದ ನೋಡಿದರು.
"ಇಷ್ಟು ಉದ್ದ ಇದೆಯಾ ಅದು!"

ಬ್ಯಾಗು ಕೆಳಗಿಟ್ಟು ಕುರ್ಚಿ ಎಳೆದರು.
ಆ ಸದ್ದಿಗೆ ಏನಾಯಿತೋ ಎಂದು ಅತ್ತೆ ಟಿವಿ ಬಿಟ್ಟು ಬಂದರು,
ಬಂದವರು ಕೂತರು.
ಚಪ್ಪಲಿ ಬಿಚ್ಚುತ್ತ ಬಾಗಿಲಲ್ಲೇ ನಿಂತಳು ಪ್ರಣೀತಾ,
ಇಬ್ಬರೂ ಒಟ್ಟಿಗೆ ಕೂತದ್ದು ನೋಡಿ ಮುಖ ಬಿಳಿಚಿ:
"ಯಾರು ಹೋದರು?"
"ಗಾಡಿ," ಎಂದರು ಇವರು.

ಅವಳು ಕೈ ತೊಳೆದು ಒಳಗೆ ಬಂದು
ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ತಳ್ಳಿ ಸೌಟು ಕಿತ್ತುಕೊಂಡಳು.
ಹುಯ್ದ ಮೊದಲ ದೋಸೆ ಯಾವುದೋ ದೇಶದ ನಕಾಶೆ.
ಅತ್ತೆ ಅದನ್ನು ಸಟ್ಟುಗದ ಮೇಲೆ ಹಿಡಿದು
ಮೇಜಿನ ಸುತ್ತ ಒಮ್ಮೆ ಕಣ್ಣಾಡಿಸಿದರು, ತುದಿ ಹುಡುಕುವವರ ಹಾಗೆ.
ಆಮೇಲೆ, ಹತ್ತಿರ ಇದ್ದೆನೆಂದೋ ಏನೋ,
ನನ್ನ ತಟ್ಟೆಗೆ ಹಾಕಿದರು.

ಮೇಜು ಕುಂಟುತ್ತದೆ ಎಂದು ಗೊತ್ತಾದದ್ದು ಆವತ್ತೇ,
ಮೊಣಕೈಗಳು ಬಿದ್ದ ಮೇಲೆ.
ಇವರು ಜೇಬಿನಿಂದ ಅವಧಿ ಮುಗಿದ ರೈಲ್ವೆ ಪಾಸು ತೆಗೆದು
ನಾಲ್ಕು ಮಡಿಸಿ, ಬಗ್ಗಿ, ಕಾಲಿನ ಕೆಳಗೆ ತುರುಕಿದರು.
ಎಂಟು ಇಪ್ಪತ್ತೊಂಬತ್ತಕ್ಕೆ ಓಡಿದರು, ಕೈ ಒರೆಸದೆ.

ಎಲ್ಲ ಕಿತ್ತಳೆಯ ಮಹಿಮೆ ಎಂದಳು ಹೀನಾಬೆನ್,
ಸಂಜೆ, ಆರು ದೋಸೆ ತಿಂದು.
ಗಡಿಯಾರ ಈಗ ಬಚ್ಚಲುಮನೆಯಲ್ಲಿದೆ.